ಶಾಬಾದಿ ಕಲ್ಲು, ಸಿಮೆಂಟಿನ ಶಿಲ್ಪ

ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಹಾಗೂ ಚಿಂಚೋಳಿಯ ಕೆಲವು ಭಾಗಗಳಲ್ಲಿ ನೆಲ ಅಗೆದರೆ ಸಿಗುವುದು ಸುಣ್ಣಕಲ್ಲು. ಪದರ ಪದರವಾಗಿ ಏಳುವ ಈ ಕಲ್ಲು ಫರಸಿಯಾಗಿ ಮನೆಮನೆಯ ನೆಲ ಸೇರುತ್ತದೆ; ಕಾರ್ಖಾನೆಯ ಗೂಡು ಹೊಕ್ಕರೆ ಸಿಮೆಂಟಾಗುತ್ತದೆ. ವಾಡಿಯಲ್ಲಿ ಎ.ಸಿ.ಸಿ. ಕಾರ್ಖಾನೆ ಶುರುವಾದದ್ದು 1968ರಲ್ಲಿ. ಅದಕ್ಕೂ ಸುಮಾರು ಎರಡು ಸಾವಿರ ವರ್ಷ ಮೊದಲು ಇಲ್ಲಿನ ಶಿಲ್ಪಿಗಳು ಈ ಕಲ್ಲಿಗೆ ಉಳಿ ಹಚ್ಚಿದ್ದರು.

ಚಿತ್ತಾಪುರ ತಾಲ್ಲೂಕಿನ ಸನ್ನತಿಯ ಸಮೀಪ, ಭೀಮಾ ದಂಡೆಯ ಕನಗನಹಳ್ಳಿಯಲ್ಲಿ ಪುರಾತತ್ವ ಇಲಾಖೆ 1990ರ ದಶಕದಲ್ಲಿ ಬೌದ್ಧ ಸ್ತೂಪವೊಂದನ್ನು ಅಗೆದು ತೆಗೆಯಿತು. ಅಲ್ಲಿ ಸಿಕ್ಕ ಒಂದು ಫಲಕದಲ್ಲಿ ರಾಣಿ, ಪರಿಚಾರಿಕೆಯರ ನಡುವೆ ಒಬ್ಬ ಅರಸ ನಿಂತಿದ್ದಾನೆ. ಬ್ರಾಹ್ಮಿ ಲಿಪಿಯಲ್ಲಿ ‘ರಾಯ ಅಸೋಕೋ’ ಎಂದು ಬರೆದಿದೆ. ಕೆತ್ತಿದವನು ಸಾತವಾಹನರ ಕಾಲದವನು, ಅಶೋಕನನ್ನು ಕಂಡವನಲ್ಲ. ಮುಖದ ಹೋಲಿಕೆಯ ಗೊಡವೆ ಅವನಿಗಿರಲಿಲ್ಲ, ಹೆಸರೇ ಸಾಕಾಗಿತ್ತು. ಹಲಗೆಯಂತೆ ಏಳುವ ಕಲ್ಲಿಗೆ ಉಬ್ಬುಶಿಲ್ಪವೇ ಒಗ್ಗುತ್ತದೆ ಎಂಬುದನ್ನೂ ಅವನು ಬಲ್ಲವನಾಗಿದ್ದ.

ಸಿಮೆಂಟಿಗೆ ಈ ಕಟ್ಟುಪಾಡಿಲ್ಲ. ಅಚ್ಚಿಗೆ ಸುರಿದರೆ ಯಾವ ಆಕಾರವಾದರೂ ಸೈ. 1938ರಲ್ಲಿ ಶಾಂತಿನಿಕೇತನದಲ್ಲಿ ರಾಮಕಿಂಕರ್ ಬೈಜ್ ಜಂಬಿಟ್ಟಿಗೆಯ ಹರಳು, ಸಿಮೆಂಟು ಕಲೆಸಿ ‘ಸಂತಾಲ ಕುಟುಂಬ’ವನ್ನು ಕಟ್ಟಿದಾಗ ಮನೆ ಕಟ್ಟುವ ಸರಕು ಕಲೆಯ ಅಂಗಳಕ್ಕೆ ಬಂತು. ಕಂಚಿಗೆ ಹೋಲಿಸಿದರೆ ಅಗ್ಗವೂ ಹೌದು. ನಮ್ಮ ಊರೂರಿನ ವೃತ್ತಗಳಲ್ಲಿ ಎದೆಮಟ್ಟದ ಸಿಮೆಂಟಿನ ಪ್ರತಿಮೆಗಳು ಎದ್ದದ್ದಕ್ಕೆ ಕಾರಣವೂ ಈ ಅಗ್ಗವೇ.

ಇದೇ ಸರಕನ್ನು ಹಳೆಯ ವಿಗ್ರಹದ ಮೇಲೆಯೇ ಪ್ರಯೋಗಿಸಿದವರು ಕೋಟೇಶ್ವರದಲ್ಲಿ ಹುಟ್ಟಿ, ಮೈಸೂರು, ಬರೋಡಾಗಳಲ್ಲಿ ಓದಿದ ಎಲ್.ಎನ್. ತಲ್ಲೂರ್. ಅವರ 2011ರ ‘ಯೂನಿಕೋಡ್’ನಲ್ಲಿ ನಟರಾಜನ ಕಂಚಿನ ಪ್ರಭಾವಳಿ ಇದೆ, ಪೀಠವಿದೆ. ಕುಣಿಯುವ ದೇವರ ಜಾಗದಲ್ಲಿ ಮಾತ್ರ ನಾಣ್ಯಗಳು ಹುದುಗಿದ ಒಂದು ಕಾಂಕ್ರೀಟ್ ಉಂಡೆ! ಚೋಳರ ಕಾಲದಿಂದ ಕಣ್ಣಿಗೆ ಒಗ್ಗಿದ ರೂಪವಾದ್ದರಿಂದ ಇಲ್ಲದ ನಟರಾಜನನ್ನು ನೋಡುಗನ ಮನಸ್ಸೇ ತುಂಬಿಕೊಳ್ಳುತ್ತದೆ. ಇದು ಅಪಚಾರವೆನ್ನುವವರು ಇರಬಹುದು. ಆದರೆ ಹಣ ಮತ್ತು ಕಟ್ಟಡ ದೇವರ ಜಾಗವನ್ನು ನುಂಗುತ್ತಿವೆ ಎಂಬುದನ್ನು ಹೇಳಲು ಕಾಂಕ್ರೀಟಿಗಿಂತ ಸರಿಯಾದ ಸರಕು ಯಾವುದಿದ್ದೀತು? ಅಮೃತಶಿಲೆಯಲ್ಲಿ ಕಡೆದಿದ್ದರೆ ಈ ಮಾತು ಹೊರಡುತ್ತಿರಲಿಲ್ಲ.

ಸಿಮೆಂಟು ಕಲ್ಲಿಗಿಂತ ಕೀಳು ಎಂಬ ಮಾತಿದೆ. ನಿಜ ಹೇಳಬೇಕೆಂದರೆ ಅದು ಬೆಂಕಿ ಕಂಡ ಕಲ್ಲು. ಸುಣ್ಣಕಲ್ಲು ಮತ್ತು ಜೇಡಿಯನ್ನು ಸುಮಾರು 1450 ಡಿಗ್ರಿ ಸೆಲ್ಸಿಯಸ್‌ನಲ್ಲಿ ಸುಟ್ಟು, ಬಂದ ಗಟ್ಟಿಯನ್ನು ಜಿಪ್ಸಮ್ ಜೊತೆ ಅರೆದರೆ ಸಿಮೆಂಟು. ಶುದ್ಧ ಸುಣ್ಣಕಲ್ಲಾದರೆ ಸುಡುವಾಗ ನೂರು ಕಿಲೋಗೆ 44 ಕಿಲೋ ಇಂಗಾಲದ ಡೈ ಆಕ್ಸೈಡ್ ಆಗಿ ಹಾರಿಹೋಗುತ್ತದೆ. ಪ್ರತಿಮೆಯಾಗಿ ಬಿಸಿಲುಮಳೆಯಲ್ಲಿ ನಿಂತ ಮೇಲೆ ಅದೇ ಅನಿಲವನ್ನು ಸಿಮೆಂಟು ಗಾಳಿಯಿಂದ ಅಷ್ಟಷ್ಟೇ ಹೀರಿಕೊಳ್ಳುತ್ತದೆ. ಹೀಗೆ ಅದರ ಮೈ ವರ್ಷಗಳುದ್ದಕ್ಕೂ ಮತ್ತೆ ಸುಣ್ಣಕಲ್ಲಾಗುತ್ತ ಬರುತ್ತದೆ.

ತೊಂದರೆ ಇರುವುದೂ ಇಲ್ಲೇ. ಹೊಸ ಕಾಂಕ್ರೀಟಿನ ಕ್ಷಾರಗುಣ ಒಳಗಿನ ಕಬ್ಬಿಣದ ಸರಳನ್ನು ತುಕ್ಕಿನಿಂದ ಕಾಯುತ್ತದೆ. ಈ ಬದಲಾವಣೆ ಸರಳಿನವರೆಗೂ ಇಳಿದರೆ ಆ ರಕ್ಷಣೆ ಹೋಗಿ, ನೀರು ತಾಗಿದ ಕಬ್ಬಿಣ ತುಕ್ಕು ಹಿಡಿದು ಉಬ್ಬುತ್ತದೆ. ಪ್ರತಿಮೆ ಒಳಗಿನಿಂದಲೇ ಸೀಳುತ್ತದೆ. ಕನಗನಹಳ್ಳಿಯ ಫಲಕಗಳಲ್ಲಿ ಕಬ್ಬಿಣವಿಲ್ಲ. ಸ್ತೂಪ ಕುಸಿದು ಹಲವು ಚೂರಾಗಿದ್ದರೂ ಅಶೋಕನ ಹೆಸರನ್ನು ಇಂದಿಗೂ ಓದಬಹುದು.