ತಾಯಿಬೇರು

1709ರ ಮೇ ತಿಂಗಳು. ಜರ್ಮನಿಯ ವುರ್ಟೆಂಬರ್ಗ್ ಸೀಮೆಯ ಗ್ರೋಸ್‌ಆಸ್ಪಾಖ್ ಎಂಬ ಹಳ್ಳಿ. ವಸಂತ ಬಂದಿದೆ, ಆದರೆ ದ್ರಾಕ್ಷಿ ತೋಟಗಳಲ್ಲಿ ಚಿಗುರಿಲ್ಲ. ಆ ಚಳಿಗಾಲದ ಹಿಮ ಯೂರೋಪು ಕಂಡು ಕೇಳರಿಯದ್ದು. ರೈನ್ ನದಿಯೇ ಹೆಪ್ಪುಗಟ್ಟಿತ್ತು, ದ್ರಾಕ್ಷಿ ಬಳ್ಳಿಗಳು ಬುಡಸಮೇತ ಸತ್ತಿದ್ದವು. ಅದಕ್ಕೂ ಮೊದಲು ಫ್ರೆಂಚ್ ಸೈನ್ಯ ಮತ್ತೆ ಮತ್ತೆ ನುಗ್ಗಿ ಊರೂರನ್ನು ಸುಲಿದಿತ್ತು. ಬ್ರೆಡ್ಡು ಬೇಯಿಸುವ ಕಸುಬಿನ ಯೋಹಾನ್ ಕಾನ್ರಾಡ್ ವೈಸರ್‌ನ ಮನೆಯಲ್ಲಿ ಅವನ ಹೆಂಡತಿ ಆನ್ನಾ ಮಗ್ದಲೇನಾ ಹದಿನಾರನೆಯ ಬಸಿರು ಹೊತ್ತು ಜ್ವರದಲ್ಲಿ ಮಲಗಿದ್ದಾಳೆ. ನಲವತ್ತು ದಾಟಿದ ಜೀವ. ಆ ಜ್ವರದಿಂದ ಆಕೆ ಏಳಲಿಲ್ಲ. ಅವಳ ಹಿರಿಯರನ್ನು ಹೂಳಿದ್ದ ಕಡೆಯೇ ಅವಳನ್ನೂ ಮಣ್ಣು ಮಾಡಿದರು.

ಎರಡು ತಿಂಗಳು ಕಳೆಯುವುದರೊಳಗೆ ವೈಸರ್ ಊರು ಬಿಟ್ಟ. ಎಂಟು ಮಕ್ಕಳನ್ನು ಕಟ್ಟಿಕೊಂಡು ರೈನ್ ನದಿಗುಂಟ ಹಾಲೆಂಡಿಗೆ, ಅಲ್ಲಿಂದ ಹಡಗು ಹತ್ತಿ ಲಂಡನ್ನಿಗೆ. ಮದುವೆಯಾಗಿದ್ದ ಹಿರಿಮಗಳು ಕ್ಯಾತರಿನಾ ಗಂಡ, ಮಕ್ಕಳೊಂದಿಗೆ ಹಳ್ಳಿಯಲ್ಲೇ ಉಳಿದಳು. ಮನೆ, ಹೊಲ ಅವಳ ಪಾಲಿಗೆ ಬಂದವು. ತಮ್ಮ ತಂಗಿಯರನ್ನು ಕಳಿಸಿಕೊಟ್ಟು ಆ ಬರಿದಾದ ಮನೆಯೊಳಗೆ ಮೊದಲ ರಾತ್ರಿ ಅವಳು ಹೇಗೆ ಮಲಗಿದಳೋ ಎಂದು ನನಗೆ ಪದೇ ಪದೇ ಅನ್ನಿಸಿದೆ. ಅಮೆರಿಕದಲ್ಲಿ ಅಚ್ಚಾದ ವಂಶಾವಳಿಗಳಲ್ಲಿ ಅವಳಿಗೆ ಸಿಕ್ಕುವುದು ಒಂದೆರಡು ಸಾಲು.

ಆ ವಂಶ ಮುಂದೆ ಬೆಳೆದು ಪಾದ್ರಿ, ಸೇನಾನಿ, ಸ್ಪೀಕರ್, ಸಸ್ಯವಿಜ್ಞಾನಿ, ರಾಯಭಾರಿ, ಗವರ್ನರ್ ಎಲ್ಲರನ್ನೂ ಕಂಡಿತು. ಅಮೆರಿಕದ ಜರ್ಮನ್ ಮೂಲದ ಮನೆತನಗಳಲ್ಲಿ ವೈಸರ್ ಮತ್ತು ಮ್ಯೂಲೆನ್‌ಬರ್ಗ್‌ರಷ್ಟು ಹೆಸರಾದವರು ಕಡಿಮೆ. ಗೋಡೆಗೆ ತೂಗುಹಾಕುವ ವಂಶವೃಕ್ಷದಲ್ಲಿ ಅವರೆಲ್ಲ ಕೊಂಬೆಕೊಂಬೆಗೂ ಇದ್ದಾರೆ. ಆದರೆ ಈ ಎರಡು ಹೆಸರುಗಳನ್ನು ಬೆಸೆದದ್ದು ಒಬ್ಬ ಹೆಣ್ಣುಮಗಳು. ಬೆಸುಗೆಯ ಎರಡೂ ಕಡೆ ಹುಡುಕುತ್ತ ಹೋದರೆ ಮತ್ತೆ ಹೆಂಗಸರೇ ಸಿಗುತ್ತಾರೆ, ಅರ್ಧ ಅಳಿಸಿದ ಅಕ್ಷರಗಳಲ್ಲಿ.

ನಮ್ಮ ಊರುಗಳಲ್ಲಿ ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕೂತು ಬಂದು, ಅಂಗಳದಲ್ಲಿ ನಿಂತು, ಮುತ್ತಜ್ಜನ ಅಪ್ಪನವರೆಗೂ ಹೆಸರು ಹೇಳುವ ಹೆಳವನ ಕೆಲಸವನ್ನು ಜರ್ಮನಿಯ ಹಳ್ಳಿಗಳಲ್ಲಿ ಚರ್ಚಿನ ದಫ್ತರ ಮಾಡುತ್ತಿತ್ತು. ಹುಟ್ಟಿದ ಮಗುವಿನ ದೀಕ್ಷಾಸ್ನಾನ, ಮದುವೆ, ಮಣ್ಣು ಎಲ್ಲವೂ ಪಾದ್ರಿಯ ಕೈಬರಹದಲ್ಲಿ ಅಲ್ಲಿ ಸೇರುತ್ತಿದ್ದವು. ಹಳೆಯ ಜರ್ಮನ್ ಲಿಪಿಯ ಚೂಪುಚೂಪು ಗೀಟುಗಳ ಕಾಡಿನಲ್ಲಿ ಒಂದು ಹೆಸರು ಹಿಡಿಯಬೇಕಾದರೆ ಕಣ್ಣು ಪಳಗಬೇಕು. ಗಂಡುಮಕ್ಕಳಲ್ಲಿ ಎಷ್ಟೋ ಮಂದಿ ಯೋಹಾನ್. ಕರೆಯುವ ಹೆಸರು ಅದರ ಮುಂದಿನದು. ಹುಡುಕುವವರಿಗೆ ಆಸರೆಯಾಗುವವರು ದೀಕ್ಷಾಸ್ನಾನಕ್ಕೆ ನಿಂತ ಧರ್ಮಪಿತ, ಧರ್ಮಮಾತೆಯರು. ಮಗುವಿಗೆ ಬಹಳ ಸಲ ಅವರ ಹೆಸರೇ ಬರುತ್ತಿತ್ತು, ಅವರು ಬಹಳ ಸಲ ತಾಯಿಯ ತವರಿನವರಾಗಿರುತ್ತಿದ್ದರು. ತಾಯಿಯ ಮನೆತನ ಎಷ್ಟೋ ಸಲ ಪತ್ತೆಯಾಗುವುದು ಅವರ ಹೆಸರಿನ ಸಾಲಿನಿಂದಲೇ.

ಲಂಡನ್ನಿನ ಹೊರವಲಯದ ಬ್ಲ್ಯಾಕ್‌ಹೀತ್ ಬಯಲಿನಲ್ಲಿ, ವೈಸರ್ ಊರು ಬಿಟ್ಟ ಆ ಬೇಸಿಗೆ, ಸೈನ್ಯದ ಡೇರೆಗಳು ಸಾಲುಸಾಲಾಗಿ ಎದ್ದವು. ಸುಮಾರು 13,000 ಜರ್ಮನರು ಕೆಲವೇ ತಿಂಗಳಲ್ಲಿ ಬಂದಿಳಿದಿದ್ದರು. ಕೋಖರ್‌ಟಾಲ್ ಎಂಬ ಪಾದ್ರಿ ಅಮೆರಿಕದ ಭೂಮಿಯನ್ನು ಹೊಗಳಿ ಬರೆದ ಪುಟ್ಟ ಪುಸ್ತಕ ಹಳ್ಳಿಹಳ್ಳಿಯಲ್ಲೂ ಕೈಯಿಂದ ಕೈಗೆ ಹೋಗಿತ್ತು. ಆನ್ ರಾಣಿ ಕೈಹಿಡಿಯುತ್ತಾಳೆಂಬ ಮಾತೂ ಹಬ್ಬಿತ್ತು. ರಾಣಿ ಕೈಬಿಡಲಿಲ್ಲ ನಿಜ, ಆದರೆ ಅಷ್ಟು ಹೊಟ್ಟೆ ಹೊರೆಯುವುದು ಸುಲಭವಾಗಿರಲಿಲ್ಲ. ಕೆಲವರನ್ನು ಐರ್ಲೆಂಡಿಗೆ ಕಳಿಸಿದರು, ಕ್ಯಾಥೊಲಿಕರನ್ನು ಬಹುಪಾಲು ವಾಪಸ್ ಅಟ್ಟಿದರು. ಮೂರು ಸಾವಿರದ ಹತ್ತಿರದ ಒಂದು ತಂಡವನ್ನು ನ್ಯೂಯಾರ್ಕಿನ ಹಡಗುಗಳಿಗೆ ತುಂಬಿದರು. ಡಿಸೆಂಬರಿನಲ್ಲಿ ಹತ್ತಿದವರು ಅಮೆರಿಕದ ನೆಲ ಮೆಟ್ಟಿದ್ದು 1710ರ ಬೇಸಿಗೆಯಲ್ಲಿ. ಹಡಗಿನ ಹೊಟ್ಟೆಯಲ್ಲಿ ವಿಷಮಜ್ವರ ಹಬ್ಬಿ ನಾನೂರಕ್ಕೂ ಹೆಚ್ಚು ಜನ ಸತ್ತರು.

ಬದುಕಿ ಇಳಿದವರಿಗೆ ಕಾದಿದ್ದ ಕೆಲಸ ಇಂಗ್ಲೆಂಡಿನ ನೌಕಾಪಡೆಗೆ ಡಾಂಬರು ಮಾಡುವುದು. ಹಡ್ಸನ್ ನದಿಯ ದಂಡೆಯಲ್ಲಿ ಪೈನ್ ಮರಗಳ ತೊಗಟೆ ಸುಲಿದು, ರಾಳ ಇಳಿಸಿ, ಪ್ರಯಾಣದ ಖರ್ಚನ್ನು ತೀರಿಸಬೇಕು. ಮರಗಳು ರಾಳ ಕೊಡಲಿಲ್ಲ. 1712ರ ಶರತ್ಕಾಲದಲ್ಲಿ ಗವರ್ನರ್ ರಾಬರ್ಟ್ ಹಂಟರ್ ಪಡಿತರ ನಿಲ್ಲಿಸಿದ. ಅಪ್ಪ ಅಮ್ಮ ಸತ್ತ ಮಕ್ಕಳನ್ನೂ, ಎಷ್ಟೋ ಸಲ ಅಪ್ಪ ಬದುಕಿದ್ದ ಮಕ್ಕಳನ್ನೂ ದೂರದ ಮನೆಗಳಿಗೆ ಜೀತದಂಥ ಕೆಲಸಕ್ಕೆ ಹಂಚಿದರು. ವೈಸರ್‌ನ ಇಬ್ಬರು ಹುಡುಗರು ಹೀಗೆ ಲಾಂಗ್ ಐಲೆಂಡಿನ ಪಾಲಾದರು. ಮುಂದೆ ಪತ್ರಿಕಾ ಸ್ವಾತಂತ್ರ್ಯದ ಮೊಕದ್ದಮೆಯಿಂದ ಹೆಸರಾದ ಮುದ್ರಕ ಜಾನ್ ಪೀಟರ್ ಝೆಂಗರ್ ಕೂಡ ಇದೇ ಜನರ ನಡುವೆ ಬಂದ ಹುಡುಗ.

ಹಂಟರನ ಆ ಪಡಿತರದ ಲೆಕ್ಕಪುಸ್ತಕ ಉಳಿದುಕೊಂಡಿದೆ. ಮನೆಯ ಯಜಮಾನನ ಹೆಸರು, ಹತ್ತು ವರ್ಷ ದಾಟಿದವರು ಎಷ್ಟು, ದಾಟದವರು ಎಷ್ಟು, ಇಷ್ಟೇ. ಒಣ ಅಂಕಿಗಳು. ಆದರೂ ಒಂದು ಮನೆಯ ಮುಂದೆ ಐದು ಇದ್ದದ್ದು ಮುಂದಿನ ಪಟ್ಟಿಯಲ್ಲಿ ನಾಲ್ಕಾದರೆ ಅಲ್ಲೊಂದು ಗುಂಡಿ ತೋಡಿರಬಹುದು. ಯಜಮಾನನ ಹೆಸರು ಮರೆಯಾದ ಕಡೆ ವಿಧವೆಯೊಬ್ಬಳ ಹೆಸರು ಮೊದಲ ಸಲ ಕಾಣಿಸುತ್ತದೆ. ಗಂಡ ಸತ್ತರೆ ಮಾತ್ರ ಹೆಣ್ಣಿನ ಹೆಸರು ಈ ಪಟ್ಟಿಗೆ ಹತ್ತುತ್ತಿದ್ದುದು ನನ್ನನ್ನು ಈಗಲೂ ಚುಚ್ಚುತ್ತದೆ. ಈ ಪಟ್ಟಿಯ ಹೆಸರುಗಳನ್ನೇ ಹಿಡಿದು ಹ್ಯಾಂಕ್ ಜೋನ್ಸ್ ಎಂಬ ವಂಶಾವಳಿಕಾರ ಜರ್ಮನಿಯ ಹಳ್ಳಿಹಳ್ಳಿಯ ಚರ್ಚಿನ ದಫ್ತರ ಜಾಲಾಡಿಸಿ, 847 ಕುಟುಂಬಗಳ ಕಥೆಯನ್ನು 1985ರಲ್ಲಿ ಪುಸ್ತಕವಾಗಿ ತಂದರು. ಯಾರ ಜೊತೆ ಯಾರು ಪಟ್ಟಿಯಲ್ಲಿ ನಿಂತಿದ್ದಾರೆ ಎಂಬುದೇ ಅಲ್ಲಿ ದಾರಿದೀಪ. ಅಕ್ಕಪಕ್ಕದ ಹಳ್ಳಿಯವರು ಅಕ್ಕಪಕ್ಕದಲ್ಲೇ ಹಡಗು ಹತ್ತಿದ್ದರು, ಅಕ್ಕಪಕ್ಕದಲ್ಲೇ ನೆಲೆಸಿದ್ದರು.

ಪಡಿತರ ನಿಂತ ಆ ಚಳಿಗಾಲದಲ್ಲಿ ಅಪ್ಪ ವೈಸರ್ ಹದಿನಾರರ ಮಗ ಕಾನ್ರಾಡನನ್ನು ಮೂಲನಿವಾಸಿ ಮೊಹಾಕ್ ಜನರ ಹಟ್ಟಿಗೆ ಕಳಿಸಿದ. ಭಾಷೆ ಕಲಿತು ಬರಲಿ ಎಂದು. ಹರಕು ಬಟ್ಟೆ, ಮೂಳೆ ಕೊರೆಯುವ ಚಳಿ, ಅರೆಹೊಟ್ಟೆ. ಹಟ್ಟಿಯವರೂ ಹಸಿದಿದ್ದರು. ಬೇಸಿಗೆಗೆ ಮರಳಿದಾಗ ಹುಡುಗನ ನಾಲಿಗೆಗೆ ಮೊಹಾಕ್ ಮಾತು ಹತ್ತಿತ್ತು. ಅದೇ ಅವನ ಬದುಕಾಯಿತು: ಪೆನ್ಸಿಲ್ವೇನಿಯಾ ಸರ್ಕಾರಕ್ಕೂ ಆರು ಬುಡಕಟ್ಟುಗಳ ಒಕ್ಕೂಟಕ್ಕೂ ನಡುವೆ ಮೂರು ದಶಕದ ಹತ್ತಿರ ದುಭಾಷಿ. 1744ರ ಲ್ಯಾಂಕಾಸ್ಟರ್ ಒಪ್ಪಂದದಲ್ಲಿ ಎರಡೂ ಕಡೆಯ ಮಾತು ದಾಟಿದ್ದು ಅವನ ಬಾಯಿಂದಲೇ.

ಈ ಕಾನ್ರಾಡನ ಹೆಂಡತಿ ಆನ್ನಾ ಈವ್. 1720ರಲ್ಲಿ ನ್ಯೂಯಾರ್ಕ್ ಸೀಮೆಯ ಸ್ಕೋಹೇರಿ ಕಣಿವೆಯಲ್ಲಿ ಮದುವೆ. ತನ್ನ ಬರಹದಲ್ಲಿ ಅವನು ಅವಳ ತವರಿನ ಹೆಸರು ಹೇಳದೆ, ನನ್ನ ಆನ್ ಈವ್ ಎಂದಷ್ಟೇ ಬರೆದ. ಆ ಮೌನದಿಂದ ಒಂದು ಕತೆ ಹುಟ್ಟಿತು. ಅವಳು ಮೊಹಾಕ್ ಹುಡುಗಿ ಎಂದು ಹಳೆಯ ಬರಹಗಾರರು ನಂಬಿದರು. ಮುಂದಿನ ಸಂಶೋಧಕರು ದಾಖಲೆ ಕೂಡಿಸಿ ಅವಳೂ 1710ರ ವಲಸಿಗ ಜರ್ಮನ್ ಮನೆಯ ಮಗಳು, ಫೆಕ್ ಮನೆತನದವಳು ಎಂದು ತೋರಿಸಿದರು. ಹದಿನಾಲ್ಕು ಹೆತ್ತಳು, ಅರ್ಧದಷ್ಟನ್ನು ಮಣ್ಣಿಗೆ ಕೊಟ್ಟಳು. 1735ರಲ್ಲಿ ಗಂಡ ಎಫ್ರಾಟಾ ಎಂಬ ಮಠದ ವಿರಕ್ತಿಗೆ ಮನಸೋತು, ಗಡ್ಡ ಬಿಟ್ಟು ಅಲ್ಲಿಗೆ ಸೇರಿಕೊಂಡ. ಅವನು ಮಠಕ್ಕೂ ಮನೆಗೂ ಓಡಾಡಿಕೊಂಡಿದ್ದ ಆ ವರ್ಷಗಳಲ್ಲಿ ಪೆನ್ಸಿಲ್ವೇನಿಯಾದ ಟಲ್ಪಹಾಕನ್ ಕಣಿವೆಯ ಬೇಸಾಯ, ಹಸು, ಮಕ್ಕಳು ಯಾರ ಹೆಗಲ ಮೇಲಿದ್ದವು ಎಂದು ಯಾವ ಒಪ್ಪಂದದ ಕಾಗದವೂ ಬರೆಯಲಿಲ್ಲ.

ಟಲ್ಪಹಾಕನ್ ಎಂದಾಗ ಇನ್ನೊಂದು ಮಾತನ್ನು ನುಂಗಲಾಗದು. 1723ರಲ್ಲಿ ಜರ್ಮನ್ ಕುಟುಂಬಗಳು ಸಸ್ಕ್ವೆಹಾನಾ ನದಿಯಲ್ಲಿ ದೋಣಿ ಇಳಿಸಿ, ದನಗಳನ್ನು ಕಾಡಿನ ದಾರಿಯಲ್ಲಿ ಹೊಡೆದುಕೊಂಡು ಬಂದು ನೆಲೆಯೂರಿದಾಗ ಅದು ಲೆನಾಪೆ ಜನರ ನೆಲ. ಅವರಿಂದ ಕೊಂಡ ಶಾಸ್ತ್ರ ನಡೆದದ್ದು ಎಷ್ಟೋ ವರ್ಷಗಳ ಮೇಲೆ. ಕಾನ್ರಾಡ್ 1729ರಲ್ಲಿ ಅಲ್ಲಿಗೆ ಬಂದ. ವಲಸೆ ಮನೆತನದ ವಂಶಾವಳಿ ಬರೆಯುವಾಗ ಆ ನೆಲದಿಂದ ಎದ್ದುಹೋದವರ ವಂಶಾವಳಿಗೂ ಒಂದು ಜಾಗ ಬಿಡಬೇಕೆಂಬುದು ನನ್ನ ಗಟ್ಟಿ ನಂಬಿಕೆ.

ಅಮ್ಮನ ಕಂಕುಳಲ್ಲಿ ಆ ಕಣಿವೆಗೆ ಬಂದ ಪುಟ್ಟ ಮಗು ಆನ್ನಾ ಮರಿಯಾ, ಹುಟ್ಟಿದ್ದು 1727ರಲ್ಲಿ, ಸ್ಕೋಹೇರಿಯಲ್ಲಿ. 1745ರ ಏಪ್ರಿಲ್‌ನಲ್ಲಿ ಅವಳನ್ನು ಮದುವೆಯಾದವನು ಹೆನ್ರಿ ಮೆಲ್ಕಿಯೋರ್ ಮ್ಯೂಲೆನ್‌ಬರ್ಗ್, ಹಾನೋವರ್ ಸೀಮೆಯ ಐನ್‌ಬೆಕ್ ಊರಿನವನು, ಹಾಲೆಯ ಫ್ರಾಂಕೆ ಸಂಸ್ಥೆಯಿಂದ ಬಂದ ಲೂಥರನ್ ಪಾದ್ರಿ. ಇಲ್ಲಿ ನಮ್ಮ ಕಡೆಗೂ ಒಂದು ಎಳೆ ಇದೆ. ಇದೇ ಹಾಲೆಯಲ್ಲಿ ಕಲಿತ ಸೀಗನ್‌ಬಾಲ್ಗ್ 1706ರಲ್ಲಿ ತರಂಗಂಬಾಡಿಗೆ ಬಂದಿದ್ದ. ಹಾಲೆಯವನೇ ಆದ ಶ್ವಾರ್ಟ್ಸ್ 1779ರಲ್ಲಿ ಮದರಾಸು ಸರ್ಕಾರದ ದೂತನಾಗಿ ಶ್ರೀರಂಗಪಟ್ಟಣಕ್ಕೆ ಬಂದು ಹೈದರಾಲಿಯ ಎದುರು ಕೂತಿದ್ದ. ಮ್ಯೂಲೆನ್‌ಬರ್ಗ್‌ನನ್ನೂ ಮೊದಲು ಬಂಗಾಳಕ್ಕೆ ಕಳಿಸುವ ಆಲೋಚನೆ ಇತ್ತು. ಅದು ಕೈಗೂಡಿದ್ದರೆ ಈ ವಂಶವೇ ಬೇರೆ ಮಣ್ಣಿನಲ್ಲಿ ಬೇರು ಬಿಡುತ್ತಿತ್ತು.

1727ರಿಂದ ಫಿಲಡೆಲ್ಫಿಯಾಕ್ಕೆ ಬಂದ ಜರ್ಮನ್ ಗಂಡಸರು, ಹದಿನಾರು ದಾಟಿದವರೆಲ್ಲ, ರಾಜನಿಷ್ಠೆಯ ಪ್ರಮಾಣ ಮಾಡಿ ರುಜು ಹಾಕಬೇಕಿತ್ತು. ವಂಶ ಹುಡುಕುವವರು ಮೊದಲು ತಡಕುವುದು ಆ ಪಟ್ಟಿಗಳನ್ನೇ. ಆನ್ನಾ ಮರಿಯಾಳ ಹುಡುಕಾಟಕ್ಕೆ ಅವು ಯಾವ ಉಪಯೋಗಕ್ಕೂ ಬರವು. ಅವಳು ನೆಲದ ದಾರಿಯಲ್ಲಿ ಬಂದವಳು, ಅದರ ಮೇಲೆ ಹೆಣ್ಣು. ಆದರೆ ಮಕ್ಕಳ ಹೆಸರುಗಳಲ್ಲಿ ಅವಳ ಮನೆ ಉಳಿದಿದೆ. ಎರಡನೆಯ ಮಗನ ಪೂರ್ತಿ ಹೆಸರು ಫ್ರೆಡರಿಕ್ ಅಗಸ್ಟಸ್ ಕಾನ್ರಾಡ್. ಕೊನೆಯದು ತಾಯಿಯ ತಂದೆಯದು. ಇನ್ನೊಬ್ಬ ಮಗ ಗಾಟ್‌ಹಿಲ್ಫ್ ಹೆನ್ರಿ ಅರ್ನೆಸ್ಟ್. ಅಲ್ಲಿ ಹಾಲೆಯ ಗುರು ಗಾಟ್‌ಹಿಲ್ಫ್ ಫ್ರಾಂಕೆಯ ನೆನಪು. ಪೆನ್ಸಿಲ್ವೇನಿಯಾದ ಜರ್ಮನರು ಹಕ್ಕಿ, ಹೂವು ಬಿಡಿಸಿ ಮಾಡಿಸುತ್ತಿದ್ದ ದೀಕ್ಷಾಸ್ನಾನದ ಪತ್ರಗಳಲ್ಲಿ ಅಪ್ಪನ ಜೊತೆಗೆ ಅಮ್ಮನ ತವರಿನ ಹೆಸರೂ ಇರುತ್ತಿತ್ತು, ಎಷ್ಟೋ ಸಲ ಮಗು ಹುಟ್ಟಿದ ರಾಶಿಯೂ. ಸರ್ಕಾರದ ಪಟ್ಟಿ ಬಿಟ್ಟುಹೋದದ್ದನ್ನು ಮನೆಯ ಪೆಟ್ಟಿಗೆಯ ಈ ಬಣ್ಣದ ಕಾಗದ ಕಾಪಾಡಿತು.

ಮ್ಯೂಲೆನ್‌ಬರ್ಗ್ ಪಾದ್ರಿಯಾಗಿದ್ದ ಪೆನ್ಸಿಲ್ವೇನಿಯಾದ ಟ್ರ್ಯಾಪ್ ಊರಿನ ಕಲ್ಲಿನ ಚರ್ಚು ಇಂದಿಗೂ ನಿಂತಿದೆ, 1743ರಲ್ಲಿ ಕಟ್ಟಲು ಹಿಡಿದದ್ದು. ಮ್ಯೂಲೆನ್‌ಬರ್ಗ್ ಕುದುರೆಯ ಮೇಲೆ ಊರೂರು ತಿರುಗಿ ಪ್ರಸಂಗ ಮಾಡಿ, ರಾತ್ರಿ ಕೂತು ದಿನಚರಿ ಬರೆದ. ಅಚ್ಚಾದಾಗ ಅದು ಮೂರು ದಪ್ಪ ಸಂಪುಟಗಳಾಯಿತು. ಆನ್ನಾ ಮರಿಯಾ ಹನ್ನೊಂದು ಹೆತ್ತು ಏಳನ್ನು ಉಳಿಸಿಕೊಂಡಳು. ಮೂವರು ಗಂಡುಮಕ್ಕಳನ್ನು 1763ರಲ್ಲಿ ಓದಿಗೆ ಹಾಲೆಗೆ ಕಳಿಸಿದರು. ಹಿರಿಯ ಪೀಟರ್ ಪುಸ್ತಕಕ್ಕೆ ಒಗ್ಗದೆ ಲೂಬೆಕ್‌ನ ಅಂಗಡಿಯೊಂದರಲ್ಲಿ ಕೆಲಸಕ್ಕೆ ನಿಂತ, ಅಲ್ಲಿಂದಲೂ ತಪ್ಪಿಸಿಕೊಂಡು ಬ್ರಿಟಿಷ್ ಪಲ್ಟನ್ ಸೇರಿ ಮನೆಗೆ ಬಂದ.

ಈ ಪೀಟರನ ಕತೆ ಅಮೆರಿಕದ ಮಕ್ಕಳಿಗೂ ಗೊತ್ತು. 1776ರ ಜನವರಿಯಲ್ಲಿ ವರ್ಜೀನಿಯಾದ ವುಡ್‌ಸ್ಟಾಕ್ ಚರ್ಚಿನಲ್ಲಿ ಪ್ರಸಂಗ ಮುಗಿಸಿ, ಎಲ್ಲಕ್ಕೂ ಒಂದು ಕಾಲವಿದೆ, ಈಗ ಯುದ್ಧದ ಕಾಲ ಎಂದು ಪಾದ್ರಿಯ ನಿಲುವಂಗಿ ಕಳಚಿದನಂತೆ. ಒಳಗೆ ಸೈನಿಕನ ಸಮವಸ್ತ್ರ. ಈ ದೃಶ್ಯವನ್ನು ಹೀಗೆ ಬಣ್ಣಿಸಿದವನು ಪೀಟರನ ತಮ್ಮನ ಮೊಮ್ಮಗ, 1849ರ ಜೀವನಚರಿತ್ರೆಯಲ್ಲಿ. ಘಟನೆಗೂ ಬರಹಕ್ಕೂ ನಡುವೆ ಎಪ್ಪತ್ತಕ್ಕೂ ಹೆಚ್ಚು ವರ್ಷ. ಮನೆಮಂದಿ ಬರೆದ ವೀರಕತೆಯನ್ನು ಪ್ರೀತಿಯಿಂದ ಓದಬಹುದು, ಸಾಕ್ಷಿಯೆಂದು ಒಪ್ಪುವ ಮೊದಲು ತಡೆಯಬೇಕು. ಅವನು ಜರ್ಮನ್ ಪಲ್ಟನ್ ಕಟ್ಟಿ ಸೇನಾನಿಯಾದದ್ದು, ಯಾರ್ಕ್‌ಟೌನಿನಲ್ಲಿ ಕಾದಿದ್ದು ದಾಖಲೆಯ ಮಾತು. ಅಣ್ಣ ಪೀಠ ಬಿಟ್ಟು ಕತ್ತಿ ಹಿಡಿದದ್ದನ್ನು ತಮ್ಮ ಫ್ರೆಡರಿಕ್ ಕಟುವಾಗಿ ಆಕ್ಷೇಪಿಸಿದ್ದೂ ದಾಖಲೆಯ ಮಾತು. ಕೆಲವೇ ವರ್ಷಗಳಲ್ಲಿ ಫ್ರೆಡರಿಕ್ ತಾನೂ ಪೀಠ ಬಿಟ್ಟು ರಾಜಕೀಯಕ್ಕಿಳಿದು, 1789ರಲ್ಲಿ ಅಮೆರಿಕದ ಪ್ರತಿನಿಧಿ ಸಭೆಯ ಮೊದಲ ಸ್ಪೀಕರ್ ಆದ. ಅವನ ಒಂದೇ ಮತದಿಂದ ಜರ್ಮನ್ ಅಮೆರಿಕದ ಅಧಿಕೃತ ಭಾಷೆಯಾಗುವುದು ತಪ್ಪಿತು ಎಂಬ ಮಾತು ಜರ್ಮನಿಯಲ್ಲಿ ಇಂದಿಗೂ ಓಡಾಡುತ್ತದೆ. ನಡೆದದ್ದು ಇಷ್ಟೇ: ಕಾನೂನುಗಳನ್ನು ಜರ್ಮನ್ ಭಾಷೆಯಲ್ಲೂ ಅಚ್ಚು ಮಾಡಿಸಿ ಎಂಬ ವರ್ಜೀನಿಯಾದ ಜರ್ಮನರ ಅರ್ಜಿ 1795ರಲ್ಲಿ ಸಭೆಯ ಮುಂದಿತ್ತು, ಅದರ ಸುತ್ತಲ ಒಂದು ಗೊತ್ತುವಳಿ 42–41ರಲ್ಲಿ ಬಿತ್ತು.

ಮೂವರಲ್ಲಿ ನನಗೆ ಹತ್ತಿರವೆನಿಸುವವನು ಕಿರಿಯ ಗಾಟ್‌ಹಿಲ್ಫ್ ಹೆನ್ರಿ. 1777ರಲ್ಲಿ ಬ್ರಿಟಿಷರು ಫಿಲಡೆಲ್ಫಿಯಾ ಹಿಡಿದಾಗ ಊರು ಬಿಟ್ಟು ಹಳ್ಳಿ ಸೇರಿದ. ಆ ಬಿಡುವಿನಲ್ಲಿ ಗಿಡಮರ ನೋಡತೊಡಗಿದ. ಮುಂದೆ ಲ್ಯಾಂಕಾಸ್ಟರಿನ ಪಾದ್ರಿಯಾಗಿದ್ದುಕೊಂಡೇ ಸುತ್ತಲ ಹುಲ್ಲು, ಜೊಂಡುಗಳನ್ನು ಪಟ್ಟಿ ಮಾಡಿದ. ಮ್ಯೂಲೆನ್‌ಬರ್ಗಿಯಾ ಎಂಬ ಹುಲ್ಲಿನ ಕುಲಕ್ಕೆ, ಒಂದು ಜಾತಿಯ ಓಕ್ ಮರಕ್ಕೆ, ಅಂಗೈಯಲ್ಲಿ ಹಿಡಿಸುವ ಜೌಗಿನ ಆಮೆಗೆ ಅವನ ಹೆಸರಿದೆ. ಸ್ಕೋಹೇರಿಯಲ್ಲಿ ಹುಟ್ಟಿದ ತಾಯಿಯ ಮಗ, ಆ ನೆಲದ ಹುಲ್ಲನ್ನು ಬಾಗಿ ನೋಡಿದವನು.

ಆಮೇಲಿನ ತಲೆಮಾರುಗಳಲ್ಲಿ ಮಾತು ಇಂಗ್ಲಿಷಾಯಿತು. ಫ್ರೆಡರಿಕನ ಮೊಮ್ಮಗ ವಿಲಿಯಂ ಲೂಥರನ್ ಸಭೆಯನ್ನೇ ಬಿಟ್ಟು ಎಪಿಸ್ಕೋಪಲ್ ಪಾದ್ರಿಯಾಗಿ ನ್ಯೂಯಾರ್ಕಿನಲ್ಲಿ ಸೇಂಟ್ ಲ್ಯೂಕ್ಸ್ ಆಸ್ಪತ್ರೆ ಕಟ್ಟಿಸಿದ.

ಇನ್ನು ಹೆಣ್ಣುಮಕ್ಕಳ ಕಡೆ. ಆನ್ನಾ ಮರಿಯಾಳ ಮಗಳು ಈವ್ ಎಲಿಜಬೆತ್. ಆ ಮೊದಲ ಹೆಸರು ಅಜ್ಜಿ ಆನ್ನಾ ಈವ್‌ಳದು. ಅವಳ ಗಂಡ ಶುಲ್ಟ್ಸೆ ಎಂಬ ಪಾದ್ರಿ, ಸೇವೆ ಟಲ್ಪಹಾಕನ್‌ನಲ್ಲಿ. ಅಲ್ಲಿ ಹುಟ್ಟಿದ ಮಗ ಜಾನ್ ಆಂಡ್ರ್ಯೂ ಮನೆತನದ ಹೆಸರನ್ನು ಶುಲ್ಜ್ ಎಂದು ಬರೆದುಕೊಂಡ, 1823ರಲ್ಲಿ ಪೆನ್ಸಿಲ್ವೇನಿಯಾದ ಗವರ್ನರ್ ಆಗಿ ಎರಡು ಅವಧಿ ಆಳಿದ. ವೈಸರ್ ಎಂಬ ಹೆಸರಿನಡಿ ಹುಡುಕಿದರೆ ಅವನು ಸಿಗುವುದಿಲ್ಲ, ಮ್ಯೂಲೆನ್‌ಬರ್ಗ್ ಎಂಬ ಹೆಸರಿನಡಿಯೂ ಇಲ್ಲ. ಅವನನ್ನು ಗ್ರೋಸ್‌ಆಸ್ಪಾಖ್‌ಗೆ ಮುಟ್ಟಿಸಬೇಕಾದರೆ ಅವನ ತಾಯಿ, ಅವಳ ತಾಯಿ, ಆ ತಾಯಿಯ ತಂದೆ, ಆ ತಂದೆಯ ತಾಯಿ ಎಂದು ಒಬ್ಬೊಬ್ಬರನ್ನೇ ಹಿಡಿದು ಹೋಗಬೇಕು. ನಾಲ್ವರಲ್ಲಿ ಮೂವರು ಹೆಂಗಸರು.