ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿ ಕಡಿಮೆ ಇದ್ದವರಿಗೆ ಕೊರೊನಾ ಬಂದರೆ? ಕಷಾಯದ ಫಾರ್ವರ್ಡ್ ಹೇಳದ ಸಂಗತಿ

“ಕಾಳುಮೆಣಸು, ಶುಂಠಿ, ಅಮೃತಬಳ್ಳಿ ಹಾಕಿ ಕಷಾಯ ಕುಡಿಯಿರಿ. ಇಮ್ಯುನಿಟಿ ಹೆಚ್ಚುತ್ತದೆ, ಕೊರೊನಾ ಹತ್ತಿರ ಸುಳಿಯುವುದಿಲ್ಲ.” 2020ರಿಂದ ಇಂಥ ಸಂದೇಶಗಳು ರೂಪ ಬದಲಿಸಿಕೊಂಡು ಓಡಾಡುತ್ತಲೇ ಇವೆ. ಸಿಲ್ವರ್ ಓಕ್ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿರುವ ಮೂಡಿಗೆರೆ, ಕಳಸದ ತೋಟಗಳಲ್ಲಿ ಇದನ್ನು ನಂಬುವುದು ಇನ್ನೂ ಸುಲಭ. ಔಷಧಿ ಮನೆ ಹಿಂದೆಯೇ ಬೆಳೆದಿದೆಯಲ್ಲ! ಆ ವರ್ಷವೇ ಇನ್ನೊಂದು ಸಂದೇಶವೂ ಹರಿದಾಡಿತ್ತು. ಚಹಾ, ಕಾಫಿಯಲ್ಲಿರುವ ಮೀಥೈಲ್‌ಕ್ಸಾಂಥೀನ್ ಎಂಬ ರಾಸಾಯನಿಕ ವೈರಸ್ಸನ್ನು ಕೊಲ್ಲುತ್ತದೆ, ಇದನ್ನು ಚೀನಾದ ವೈದ್ಯ ಲಿ ವೆನ್‌ಲಿಯಾಂಗ್ ಬರೆದಿಟ್ಟು ಹೋಗಿದ್ದರು ಎಂದು. ಅವರು ಕಣ್ಣಿನ ಡಾಕ್ಟರು. ಹೊಸ ಕಾಯಿಲೆ ಬಂದಿದೆ ಎಂದು ಜೊತೆಯ ವೈದ್ಯರನ್ನು ಎಚ್ಚರಿಸಿದ್ದು ನಿಜ, ಚಹಾದ ಮೇಲೆ ಸಂಶೋಧನೆ ಮಾಡಿದ್ದು ಸುಳ್ಳು.

ಇಂಥ ಸಂದೇಶಗಳೆಲ್ಲ ಒಂದು ವಿಷಯವನ್ನು ಕೇಳದೇ ಒಪ್ಪಿಕೊಂಡಿರುತ್ತವೆ: ರೋಗನಿರೋಧಕ ಶಕ್ತಿ ಎನ್ನುವುದು ಒಂದು ಡ್ರಮ್ಮಿನಲ್ಲಿರುವ ನೀರು, ಕಡಿಮೆಯಾದರೆ ತುಂಬಿಸಬಹುದು ಎಂದು. ಹಾಗಿಲ್ಲ ಎನ್ನುವುದಕ್ಕೆ ಬಲವಾದ ಸಾಕ್ಷಿ, ಹುಟ್ಟಿನಿಂದಲೇ ಅದರ ಒಂದು ಭಾಗ ಇಲ್ಲದೇ ಬದುಕುವವರು.

ಇದೇನು ಕಾಯಿಲೆ?

ಇದಕ್ಕೆ ಪ್ರೈಮರಿ ಇಮ್ಯುನೊಡೆಫಿಷಿಯೆನ್ಸಿ ಎನ್ನುತ್ತಾರೆ. ಒಂದೇ ಕಾಯಿಲೆಯಲ್ಲ, 2022ರ ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಇಂಥ 485 ತೊಂದರೆಗಳಿದ್ದವು. ಬಹುಪಾಲು ಒಂದೊಂದು ಜೀನ್‌ನ ದೋಷದಿಂದ ಬರುತ್ತವೆ. ಎಚ್‌ಐವಿಯ ಹಾಗೆ ಒಬ್ಬರಿಂದೊಬ್ಬರಿಗೆ ಅಂಟುವುದಿಲ್ಲ. ತಾಯಿ ಬಸುರಿಯಲ್ಲಿ ಏನು ತಿಂದಳು, ಏನು ಬಿಟ್ಟಳು ಎನ್ನುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಇದನ್ನು ಒತ್ತಿ ಹೇಳುತ್ತಿದ್ದೇವೆ, ಏಕೆಂದರೆ ಮಗು ಪದೇಪದೇ ಮಲಗಿದರೆ ಊರಿನ ಬಾಯಿ ಮೊದಲು ಹೋಗುವುದು ತಾಯಿಯ ಮೇಲೆ.

ಒಂದು ಉದಾಹರಣೆ ನೋಡೋಣ. 1952ರಲ್ಲಿ ಅಮೆರಿಕದ ಸೇನಾ ವೈದ್ಯ ಆಗ್ಡನ್ ಬ್ರೂಟನ್, ಮತ್ತೆ ಮತ್ತೆ ಸೋಂಕಿಗೆ ಬೀಳುತ್ತಿದ್ದ ಎಂಟು ವರ್ಷದ ಹುಡುಗನ ರಕ್ತದಲ್ಲಿ ಪ್ರತಿಕಾಯಗಳೇ, ಅಂದರೆ ಆ್ಯಂಟಿಬಾಡಿಗಳೇ ಇಲ್ಲ ಎಂದು ಕಂಡುಹಿಡಿದರು. ಈ ಕಾಯಿಲೆಯ ಹೆಸರು ಎಕ್ಸ್‌ಎಲ್‌ಎ. ಬರುವುದು ಹೆಚ್ಚಾಗಿ ಗಂಡುಮಕ್ಕಳಿಗೆ. ಇವರಿಗೆ ಮೂರು-ನಾಲ್ಕು ವಾರಕ್ಕೊಮ್ಮೆ ಇಮ್ಯುನೊಗ್ಲಾಬ್ಯುಲಿನ್ ಡ್ರಿಪ್ ಹಾಕುತ್ತಾರೆ. ಅದು ಸಾವಿರಾರು ದಾನಿಗಳ ಪ್ಲಾಸ್ಮಾದಿಂದ ತೆಗೆದ ಪ್ರತಿಕಾಯ. ಅದನ್ನು ಯಾವ ಕಷಾಯವೂ ತಯಾರಿಸಿ ಕೊಡಲಾರದು. ತಯಾರಿಸುವ ಬಿ ಕೋಶಗಳೇ ಆ ಮೈಯಲ್ಲಿ ಬೆಳೆದಿಲ್ಲ.

ಕೊರೊನಾ ಕಲಿಸಿದ ಪಾಠ

2020ರ ಆರಂಭದಲ್ಲಿ ಇಂಥವರು ಯಾರೂ ಉಳಿಯಲಾರರು ಎಂಬ ಭಯವಿತ್ತು. ಆದರೆ ಇಟಲಿಯ ವೈದ್ಯರು ಎಕ್ಸ್‌ಎಲ್‌ಎ ಇರುವ ಇಬ್ಬರ ಬಗ್ಗೆ ವರದಿ ಮಾಡಿದರು. ಇಬ್ಬರಿಗೂ ನ್ಯುಮೋನಿಯಾ ಆಯಿತು, ಇಬ್ಬರೂ ಚೇತರಿಸಿಕೊಂಡರು. ನಂತರ ಹಲವು ದೇಶಗಳ 94 ರೋಗಿಗಳ ಲೆಕ್ಕ ಒಟ್ಟುಗೂಡಿಸಿದಾಗ 9 ಮಂದಿ ತೀರಿಕೊಂಡಿದ್ದರು. ಇದು ಸಣ್ಣ ಸಂಖ್ಯೆಯಲ್ಲ. ಆದರೆ ಆಸ್ಪತ್ರೆಗೆ ಸೇರದೆಯೇ ಗುಣವಾದವರೂ, ಲಕ್ಷಣವೇ ಕಾಣದವರೂ ಆ ಗುಂಪಿನಲ್ಲಿದ್ದರು.

ನಿಜವಾದ ಅಚ್ಚರಿ ಬೇರೆ ಕಡೆಯಿಂದ ಬಂತು. ಇಂಟರ್‌ಫೆರಾನ್ ಎನ್ನುವುದು ವೈರಸ್ ಒಳಹೊಕ್ಕ ಕೂಡಲೇ ಜೀವಕೋಶಗಳು ಹೊರಡಿಸುವ ಎಚ್ಚರಿಕೆಯ ಕೂಗು. ತೋಟಕ್ಕೆ ಆನೆ ಬಂದಾಗ ಮೊದಲು ಕಂಡವನು ಕೂಗಿ ಪಕ್ಕದ ಲೈನ್ ಮನೆಯವರನ್ನು ಎಬ್ಬಿಸುತ್ತಾನಲ್ಲ, ಹಾಗೆ. ತೀವ್ರ ಕೋವಿಡ್ ಆದ 659 ಜನರನ್ನು ಪರೀಕ್ಷಿಸಿದಾಗ 23 ಮಂದಿಯಲ್ಲಿ ಈ ಕೂಗಿಗೆ ಬೇಕಾದ ಜೀನ್‌ಗಳಲ್ಲೇ ಹುಟ್ಟಿನಿಂದ ದೋಷವಿತ್ತು. ತೀವ್ರವಾಗಿ ಬಳಲಿದ ಇನ್ನೊಂದು ಗುಂಪಿನ 987 ಜನರಲ್ಲಿ 101 ಮಂದಿಗೆ ಅವರದೇ ಮೈ ಇಂಟರ್‌ಫೆರಾನ್ ವಿರುದ್ಧ ಪ್ರತಿಕಾಯ ತಯಾರಿಸಿತ್ತು. 2020ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂದ ಈ ಎರಡು ಅಧ್ಯಯನಗಳನ್ನು ನಾವು ಮುಖ್ಯವೆಂದು ಭಾವಿಸುತ್ತೇವೆ. ಏಕೆಂದರೆ ಇವರಲ್ಲಿ ಅನೇಕರು ಅಲ್ಲಿಯವರೆಗೆ ಗಟ್ಟಿಮುಟ್ಟಾಗಿದ್ದವರು. “ಅವನಿಗೆ ಒಂದು ದಿನ ಜ್ವರ ಬಂದಿದ್ದಿಲ್ಲ, ಅಂಥವನೇ ಹೋಗಿಬಿಟ್ಟ” ಎಂದು ನಾವೆಲ್ಲ ಕೇಳಿದ ಮಾತಿಗೆ, ಎಲ್ಲ ಸಲ ಅಲ್ಲದಿದ್ದರೂ ಕೆಲವು ಸಲ, ಇದೇ ಕಾರಣ.

ಪ್ರತಿಕಾಯವೇ ಇಲ್ಲದ ಹುಡುಗ ಬದುಕಿಕೊಂಡ, ಕೂಗು ಏಳದ ಗಟ್ಟಿ ಆಳು ಸೋತ. ಹಾಗಾದರೆ “ಇಮ್ಯುನಿಟಿ ಹೆಚ್ಚಿಸಿ” ಎಂದರೆ ಯಾವುದನ್ನು ಹೆಚ್ಚಿಸಬೇಕು? ಫಾರ್ವರ್ಡ್ ಕಳಿಸಿದವರನ್ನು ಒಮ್ಮೆ ಕೇಳಿ ನೋಡಿ. ಅಮೃತಬಳ್ಳಿಯ ಬಗ್ಗೆ ಒಂದು ಮಾತು: ಅದನ್ನು ಸೇವಿಸಿದ ನಂತರ ಲಿವರ್‌ಗೆ ಪೆಟ್ಟಾದ ಪ್ರಕರಣಗಳನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯ ಒಪ್ಪಲಿಲ್ಲ. ಮರುವರ್ಷ ದೇಶದ ಹಲವು ಆಸ್ಪತ್ರೆಗಳಿಂದ 43 ಪ್ರಕರಣಗಳ ವರದಿ ಬಂತು. ಮೆಣಸಿನ ಸಾರಿಗೆ ನಮ್ಮ ತಕರಾರಿಲ್ಲ, ಗಂಟಲಿಗೆ ಹಿತ.

ಲಸಿಕೆ ಹಾಕಿಸಬಾರದೇ?

“ಇಮ್ಯುನಿಟಿ ಇಲ್ಲದವರು ಲಸಿಕೆ ಹಾಕಿಸಿಕೊಂಡರೆ ಅದೇ ಕಾಯಿಲೆ ಬರುತ್ತದೆ” ಎಂಬ ಸಂದೇಶದಲ್ಲಿ ಅರ್ಧ ಸತ್ಯವಿದೆ, ಅದಕ್ಕೇ ಅದು ಅಪಾಯಕಾರಿ. ಬಿಸಿಜಿ ಮತ್ತು ಬಾಯಿಗೆ ಹಾಕುವ ಪೋಲಿಯೊ ಹನಿ, ದುರ್ಬಲಗೊಳಿಸಿದ ಜೀವಂತ ರೋಗಾಣುವಿನ ಲಸಿಕೆಗಳು. ತೀವ್ರ ಕೊರತೆ ಇರುವ ಮಗುವಿಗೆ ಇವು ತೊಂದರೆ ಕೊಡಬಹುದು. ಉಳಿದೆಲ್ಲ ಮಕ್ಕಳಿಗೂ ಇವು ಬೇಕೇ ಬೇಕು. ಆದರೆ ಕೋವಿಶೀಲ್ಡ್ ಮತ್ತು ಕೋವ್ಯಾಕ್ಸಿನ್‌ನಲ್ಲಿ ಮೈಯೊಳಗೆ ಹೆಚ್ಚುವ ವೈರಸ್ ಇಲ್ಲ. ಎಕ್ಸ್‌ಎಲ್‌ಎ ಇದ್ದವರಲ್ಲಿ ಪ್ರತಿಕಾಯ ಹುಟ್ಟದಿದ್ದರೂ ಟಿ ಕೋಶಗಳು ಲಸಿಕೆಯಿಂದ ಪಾಠ ಕಲಿಯುತ್ತವೆ.

2021ರ ಮಾರ್ಚ್ 1ರಿಂದ 45ರಿಂದ 59 ವರ್ಷದೊಳಗಿನವರಿಗೆ ಲಸಿಕೆ ಕೊಡುವಾಗ ಕೇಂದ್ರ ಸರ್ಕಾರ ಪಟ್ಟಿ ಮಾಡಿದ 20 ಕಾಯಿಲೆಗಳಲ್ಲಿ ಪ್ರೈಮರಿ ಇಮ್ಯುನೊಡೆಫಿಷಿಯೆನ್ಸಿಯೂ ಇತ್ತು. ಒಳ್ಳೆಯದೇ. ಆದರೆ ಈ ಕಾಯಿಲೆಯ ಬಹಳಷ್ಟು ಜನ ಮಕ್ಕಳು. 15 ತುಂಬಿದವರಿಗೆ ಲಸಿಕೆ ಸಿಕ್ಕಿದ್ದು 2022ರ ಜನವರಿಯಲ್ಲಿ, 12 ತುಂಬಿದವರಿಗೆ ಮಾರ್ಚ್‌ನಲ್ಲಿ. ಅಲ್ಲಿಯವರೆಗೆ ಅವರಿಗೆ ಬೇಲಿಯಾಗಿ ನಿಂತದ್ದು ಸುತ್ತಲಿನವರ ಲಸಿಕೆ ಮತ್ತು ಮಾಸ್ಕ್ ಮಾತ್ರ. ಒಂದೇ ಗೋಡೆ ಹಂಚಿಕೊಂಡ ಲೈನ್ ಮನೆಗಳಲ್ಲಿ ಪಕ್ಕದ ಮನೆಯವರು ಲಸಿಕೆ ಬೇಡವೆಂದರೆ ಅದು ಅವರೊಬ್ಬರ ವಿಷಯವಾಗಿ ಉಳಿಯುವುದಿಲ್ಲ.

ಕೊರೊನಾ ಬಂದರೆ ಇಂಥವರಲ್ಲಿ ವೈರಸ್ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ಉಳಿಯಬಹುದು. ಜ್ವರ ಬಿಟ್ಟಿತೆಂದು ಸುಮ್ಮನಿರಬಾರದು. ಆ್ಯಂಟಿಬಾಡಿ ಪರೀಕ್ಷೆಯೂ ದಾರಿ ತಪ್ಪಿಸುತ್ತದೆ: ಡ್ರಿಪ್ ಹಾಕಿಸಿಕೊಂಡವರ ರಕ್ತದಲ್ಲಿ ಕಾಣುವುದು ದಾನಿಗಳ ಪ್ರತಿಕಾಯ. ಯಾವುದೇ ಕಾರಣಕ್ಕೂ ಡ್ರಿಪ್ ತಪ್ಪಿಸಬಾರದು.

ವರ್ಷಕ್ಕೆ ಎರಡು ಸಲ ನ್ಯುಮೋನಿಯಾ, ಮತ್ತೆ ಮತ್ತೆ ಕಿವಿ ಸೋರುವುದು, ಆಳವಾದ ಕೀವುಗುಳ್ಳೆ, ಬಾಯಲ್ಲಿ ಹೋಗದ ಬಿಳಿ ಅಗ್ರ, ತೂಕ ಏರದಿರುವುದು, ಮನೆತನದಲ್ಲಿ ಹಿಂದೆ ಶಿಶುಗಳು ಸೋಂಕಿನಿಂದ ತೀರಿಹೋಗಿರುವುದು: ಇವುಗಳಲ್ಲಿ ಯಾವುದಾದರೂ ಇದ್ದರೆ ಮಕ್ಕಳ ವೈದ್ಯರಿಗೆ ಬಿಡಿಸಿ ಹೇಳಿ, ಕೊನೆಯದನ್ನಂತೂ ಬಿಸಿಜಿ ಹಾಕಿಸುವ ಮೊದಲೇ. ಮೊದಲ ಹಂತದ ರಕ್ತಪರೀಕ್ಷೆಗಳು ಸರಳ: ಬಿಳಿ ರಕ್ತಕಣಗಳ ಎಣಿಕೆ ಮತ್ತು ಇಮ್ಯುನೊಗ್ಲಾಬ್ಯುಲಿನ್ ಮಟ್ಟ. ಮುಂದಿನದಕ್ಕೆ ಬೆಂಗಳೂರಿಗೆ ಹೋಗಬೇಕಾಗಬಹುದು. ಕಳಸದಿಂದ ಮುನ್ನೂರು ಕಿಲೋಮೀಟರಿಗೂ ಹೆಚ್ಚು. ಅಸ್ಥಿಮಜ್ಜೆ ಕಸಿಯಿಂದ ಗುಣವಾಗಬಲ್ಲ ಎಸ್‌ಸಿಐಡಿಯಂಥ ಕೆಲವು ಕಾಯಿಲೆಗಳು 2021ರ ರಾಷ್ಟ್ರೀಯ ಅಪರೂಪದ ಕಾಯಿಲೆಗಳ ನೀತಿಯಲ್ಲಿ ಸೇರಿವೆ. ನೆರವಿನ ಮಿತಿಯನ್ನು 2022ರಲ್ಲಿ 50 ಲಕ್ಷ ರೂಪಾಯಿಗೆ ಏರಿಸಲಾಗಿದೆ. ಆ ನೀತಿಯಡಿ ಕರ್ನಾಟಕದ ಕೇಂದ್ರವಾಗಿರುವುದು ಬೆಂಗಳೂರಿನ ಇಂದಿರಾ ಗಾಂಧಿ ಮಕ್ಕಳ ಆಸ್ಪತ್ರೆ ಮತ್ತು ಅದರ ಜೊತೆಗಿರುವ ಸೆಂಟರ್ ಫಾರ್ ಹ್ಯೂಮನ್ ಜೆನೆಟಿಕ್ಸ್. ಹೋಗುವಾಗ ಮಗುವಿನ ಹಳೆಯ ಚೀಟಿ, ಎಕ್ಸ್‌ರೇ, ತಾಯಿ ಕಾರ್ಡ್ ಎಲ್ಲವನ್ನೂ ಒಂದೇ ಚೀಲದಲ್ಲಿ ತೆಗೆದುಕೊಂಡು ಹೋಗಿ.