ತುಂಗೆಗೆ ಬೆನ್ನು ಮಾಡಿದ್ದ ಊರು ಮುಖ ತಿರುಗಿಸಿತು, ಇನ್ನು ಮನಸ್ಸು?

ಶಿವಮೊಗ್ಗ ಅಂದ್ರೆ ಏನು? ಹೊರಗಿನವರನ್ನು ಕೇಳಿ ನೋಡಿ. ಜೋಗಕ್ಕೆ ಹೋಗೋರು ಬಸ್ಸು ಬದಲಿಸುವ ಜಾಗ, ಆಗುಂಬೆಗೆ ಹೋಗೋರು ಕಾಫಿ ಕುಡಿಯುವ ಜಾಗ ಅಂತಾರೆ. ‘ಮಲೆನಾಡಿನ ಹೆಬ್ಬಾಗಿಲು’ ಎಂಬ ಬಿರುದೇನೋ ನಮಗಿದೆ. ಆದರೆ ಬಾಗಿಲಲ್ಲಿ ಯಾರು ಕೂರ್ತಾರೆ ಸ್ವಾಮಿ? ದಾಟಿ ಒಳಗೆ ಹೋಗ್ತಾರೆ!

ಪರವೂರಿನವರ ಮಾತು ಹಾಗಿರಲಿ. ಊರವರಾದ ನಾವಾದರೂ ಏನು ಮಾಡಿದೆವು? ಗಾಂಧಿಬಜಾರಿನಿಂದ ನಾಲ್ಕು ಹೆಜ್ಜೆ ಹಾಕಿದರೆ ಹೊಳೆ. ಆದರೂ ತುಂಗೆಯನ್ನು ಕಂಡದ್ದು ಸೇತುವೆ ಮೇಲೆ ಹೋಗುವಾಗ, ಬಸ್ಸಿನ ಕಿಟಕಿಯಲ್ಲಿ. ಮನೆಗಳ ಮುಂಬಾಗಿಲು ಬೀದಿಗೆ, ಹಿತ್ತಿಲು ಹೊಳೆಗೆ. ಹಿತ್ತಿಲಿಗೆ ಏನು ಎಸೀತಾರೋ ಅದೇ ಹೊಳೆಗೂ ಬಿತ್ತು. ದಂಡೆಯಲ್ಲಿ ಮುಳ್ಳು, ಕಸ, ಮೂಗು ಮುಚ್ಚಿಕೊಳ್ಳುವ ವಾಸನೆ. ಮಳೆಗಾಲದಲ್ಲಿ ಮಾತ್ರ ಕೋರ್ಪಲಯ್ಯನ ಛತ್ರದ ಹತ್ತಿರ ಜನವೋ ಜನ. ಹೊಳೆಯ ನಡುವಿನ ಮಂಟಪ ಮುಳುಗಿತೇ ಅಂತ ನೋಡೋದಕ್ಕೆ. ಮಂಟಪ ಮುಳುಗಿದರೆ ತುಂಗೆ ತುಂಬಿದಳು ಅಂತ ಲೆಕ್ಕ, ಬಾಗಿನ ಬಿಡೋದಕ್ಕೆ ಓಡಿದ್ದೇ ಓಡಿದ್ದು. ನೀರು ಇಳಿಯಿತೋ, ಭಕ್ತಿಯೂ ಇಳಿಯಿತು!

ದಂಡೆಯ ಹೊಸ ರೂಪ

2016ರಲ್ಲಿ ಶಿವಮೊಗ್ಗ ‘ಸ್ಮಾರ್ಟ್ ಸಿಟಿ’ ಪಟ್ಟಿಗೆ ಸೇರಿತು. ರಸ್ತೆ ಅಗೆದರು, ಮುಚ್ಚಿದರು, ಮತ್ತೆ ಅಗೆದರು. ಧೂಳು ಕುಡಿದ ಜನ ಶಾಪ ಹಾಕಿದ್ದೂ ಸುಳ್ಳಲ್ಲ. ಆದರೆ ಒಂದು ಕೆಲಸವನ್ನು ಮೆಚ್ಚಲೇಬೇಕು. ಅದೇ ಹಣದಲ್ಲಿ ತುಂಗೆಯ ಉತ್ತರ ದಂಡೆಗೆ ಹೊಸ ರೂಪ ಬಂತು. ನಡೆಯೋದಕ್ಕೆ ದಾರಿ, ಸೈಕಲ್ಲಿಗೆ ದಾರಿ, ಕೂರೋದಕ್ಕೆ ಜಾಗ, ಸಂಜೆಗೆ ದೀಪ. ಹಿತ್ತಿಲಾಗಿದ್ದದ್ದು ಜಗಲಿಯಾಯಿತು!

ಜಗಲಿ ಸಿಕ್ಕ ಮೇಲೆ ಊರೂ ಬೇರೆಯಾಗಿ ಕಾಣುತ್ತದೆ. ಹೊಳೆಯ ಪಕ್ಕದಲ್ಲೇ ಶಿವಪ್ಪ ನಾಯಕನ ಅರಮನೆ. ಕಟ್ಟಿದ್ದು ಹೈದರಾಲಿಯ ಕಾಲದಲ್ಲಿ ಅಂತ ಇತಿಹಾಸ ಬಲ್ಲವರು ವಾದ ಮಾಡ್ತಾರೆ, ಮಾಡಲಿ. ಭಾರಿ ಮರದ ಕಂಬಗಳು, ಅಂಗಳದಲ್ಲಿ ಸುತ್ತಮುತ್ತಲ ಹಳ್ಳಿಗಳಿಂದ ತಂದಿಟ್ಟ ವೀರಗಲ್ಲು, ಮಾಸ್ತಿಕಲ್ಲುಗಳು ಇವೆ. ಇಷ್ಟು ಹತ್ತಿರ ಇದ್ದೂ ಒಳಗೆ ಕಾಲಿಡದವರು ನಮ್ಮಲ್ಲೇ ಎಷ್ಟು ಮಂದಿ, ಎದೆ ಮುಟ್ಟಿ ಹೇಳಿ! ಕೋಟೆ ಆಂಜನೇಯನೂ ಅಲ್ಲೇ, ಮಾರಿಕಾಂಬೆಯೂ ಅಲ್ಲೇ. ಮೇಲಕ್ಕೆ ಹೋದರೆ ಗಾಜನೂರಿನ ಅಣೆಕಟ್ಟೆ, ಸಕ್ರೆಬೈಲಿನ ಆನೆಗಳು. ಕೆಳಕ್ಕೆ ಹೋದರೆ ತುಂಗೆ–ಭದ್ರೆಯರು ಕೈಹಿಡಿಯುವ ಕೂಡ್ಲಿ. ಇದೆಲ್ಲ ಹೊಸದಾಗಿ ಬಂದದ್ದಲ್ಲ. ನಮ್ಮ ಕಣ್ಣು ಹೊಸದು, ಅಷ್ಟೆ.

ಕಲ್ಲು ಚೆಂದ, ನೀರು?

ಈಗ ಕಹಿ ಮಾತು. ‘ಗಂಗಾ ಸ್ನಾನ, ತುಂಗಾ ಪಾನ’ ಅಂತ ಹಿರಿಯರು ಹೇಳಿದರು. ಗಂಗಾಮೂಲದಲ್ಲಿ ಹುಟ್ಟಿ, ಶೃಂಗೇರಿ, ತೀರ್ಥಹಳ್ಳಿ ದಾಟಿ ಬರುವ ಆ ನೀರೇ ನಮ್ಮ ನಲ್ಲಿಗೂ ಬರೋದು. ಆದರೆ 2018ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ದೇಶದ ನದಿಗಳ 351 ಕಲುಷಿತ ಭಾಗಗಳನ್ನು ಪಟ್ಟಿ ಮಾಡಿತು. ಕರ್ನಾಟಕದ್ದು 17. ಅದರಲ್ಲಿ ನಮ್ಮ ತುಂಗೆಯ ಹೆಸರೂ ಇತ್ತು! 2024ರ ನವೆಂಬರಿನಲ್ಲಿ ‘ನಿರ್ಮಲ ತುಂಗಭದ್ರಾ’ ಅಂತ ಶೃಂಗೇರಿಯಿಂದ ಜನ ಕಾಲ್ನಡಿಗೆಯಲ್ಲಿ ಹೊರಟದ್ದು ಸುಮ್ಮನೆ ಅಲ್ಲ.

ಕಾರಣ ಬ್ರಹ್ಮವಿದ್ಯೆ ಏನಲ್ಲ. ಕೊಳಚೆ ಶುದ್ಧ ಮಾಡುವ ಘಟಕ ಎಷ್ಟೇ ದೊಡ್ಡದಿರಲಿ, ಅದು ಶುದ್ಧ ಮಾಡೋದು ತನ್ನ ಬಾಗಿಲಿಗೆ ಬಂದ ನೀರನ್ನು ಮಾತ್ರ. ಮನೆಯ ಬಚ್ಚಲನ್ನು ಒಳಚರಂಡಿಗೆ ಜೋಡಿಸದೆ ಮಳೆನೀರಿನ ಚರಂಡಿಗೆ ಬಿಟ್ಟರೆ, ಅದು ನೆಟ್ಟಗೆ ಹೊಳೆಗೆ ಹೋಗುತ್ತದೆ. ಬೇಸಿಗೆಯಲ್ಲಿ ಹರಿವು ಕಡಿಮೆಯಾದಾಗ ಅದೇ ಕೊಳಚೆ ಮಡುಗಟ್ಟಿ ನಿಲ್ಲುತ್ತದೆ. ಸೋಪಿನ ನೊರೆಯನ್ನು ಉಂಡು ಪಾಚಿ ಕೊಬ್ಬುತ್ತದೆ. ನಾವು ಬಿಟ್ಟದ್ದು ಹೊನ್ನಾಳಿ, ಹರಿಹರದವರ ಬಾಗಿಲಿಗೆ ಹೋಗುತ್ತದೆ. ಅವರೇನು ನಮಗೆ ಸಾಲ ಕೊಟ್ಟಿದ್ದರಾ ಹೀಗೆ ತೀರಿಸೋದಕ್ಕೆ?

ಹೊಳೆಗೆ ಸಿಟ್ಟು ಬಂದರೆ ಏನಾಗುತ್ತದೆ ಅನ್ನೋದನ್ನೂ ಕಂಡಿದ್ದೇವೆ. 2019ರ ಆಗಸ್ಟಿನಲ್ಲಿ ತಗ್ಗಿನ ಬಡಾವಣೆಗಳಿಗೆ ನೀರು ನುಗ್ಗಿತು. ಪಾತ್ರೆ, ಪಡಿ, ಮಕ್ಕಳ ಪುಸ್ತಕ ಎಲ್ಲ ಕೆಸರುಪಾಲು. ಕಷ್ಟಕ್ಕೆ ಸಿಕ್ಕಿದ್ದು ಬಡವರೇ. ಕಲ್ಲು ಹಾಸಿ ದೀಪ ಹಚ್ಚುವಾಗ ಹೊಳೆಗೂ ಉಸಿರಾಡುವಷ್ಟು ಜಾಗ ಬಿಡಬೇಕಲ್ಲವೇ?

ಪಾಲಿಕೆಯವರಿಗೆ ಒಂದು ಮಾತು. ದಂಡೆಯ ದೀಪ ಕೆಟ್ಟರೆ ಜನ ಕೂಗ್ತಾರೆ, ಬದಲಿಸ್ತೀರಿ. ಹೊಳೆಗೆ ಬಾಯಿಲ್ಲ. ಯಾವ ಚರಂಡಿ ಎಲ್ಲಿ ಹೊಳೆಗೆ ಬೀಳುತ್ತದೆ ಅಂತ ಪಟ್ಟಿ ಮಾಡಿ ಬಹಿರಂಗವಾಗಿ ಹಾಕಿ. ಒಂದೊಂದನ್ನೇ ಮುಚ್ಚಿ, ಮುಚ್ಚಿದ್ದನ್ನೂ ಬರೆಯಿರಿ. ನಾಗರಿಕರಿಗೂ ಒಂದು ಮಾತು. ಸಂಜೆ ಗಾಳಿ ಸೇವಿಸಿ ಕಡಲೆಕಾಯಿ ಸಿಪ್ಪೆಯನ್ನು, ಪ್ಲಾಸ್ಟಿಕ್ಕನ್ನು ಹೊಳೆಗೇ ಎಸೆದು ಬರೋದಾದರೆ ಮನೆಯಲ್ಲೇ ಇರಿ!

ಮುಂದಿನ ಮಳೆಗಾಲಕ್ಕೆ ಮಂಟಪ ಮುಳುಗುತ್ತದೆ, ಬಾಗಿನ ಬಿಡೋದಕ್ಕೆ ಮತ್ತೆ ಸಾಲು ನಿಲ್ಲುತ್ತದೆ. ಆದರೆ ತುಂಗೆಗೆ ಬೇಕಾಗಿರೋದು ಅರಿಸಿನ, ಕುಂಕುಮ, ಬಳೆ ಅಲ್ಲ. ಒಂದು ಬೊಗಸೆ ನೀರನ್ನು ಹೆದರದೆ ಬಾಯಿಗೆ ಹಾಕಿಕೊಳ್ಳುವ ದಿನ ಬರಲಿ. ಆ ದಿನ ಈ ಊರು ಹೆಬ್ಬಾಗಿಲಾಗಿ ಉಳಿಯೋದಿಲ್ಲ. ಬಂದವರು ಕೂತು ಎರಡು ದಿನ ಇದ್ದು ಹೋಗುವ ಮನೆಯಾಗುತ್ತದೆ.